1453: ಕಾನ್‌ಸ್ಟಾಂಟಿನೋಪಲ್ ಬಿದ್ದ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಸಮಾಜ ವಿಜ್ಞಾನ ಓದಿದವರಿಗೆಲ್ಲ 1453 ಎಂಬ ಇಸವಿ ಬಾಯಿಪಾಠವಾಗಿರುತ್ತದೆ. ಆದರೆ ಅದರ ಜೊತೆಗೆ ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದೇ ವಾಕ್ಯ: ತುರ್ಕರು ನಗರ ಹಿಡಿದರು, ದಾರಿ ಮುಚ್ಚಿತು, ಯುರೋಪಿಯನ್ನರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದರು. ಈ ವಾಕ್ಯದ ಮೊದಲ ತುಂಡು ಮಾತ್ರ ನೇರವಾಗಿ ನಿಜ. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಇತಿಹಾಸಪ್ರಿಯರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಪರಿಚಯ

1453ರಲ್ಲಿ ಅಂಥದ್ದೇನಾಯಿತು? ಚಿಕ್ಕದಾಗಿ ಹೇಳಿ.

ಮೇ 29ರ ಮಂಗಳವಾರ ಬೆಳಗಿನ ಹೊತ್ತಿಗೆ, 53 ದಿನಗಳ ಮುತ್ತಿಗೆಯ ಬಳಿಕ, ತುರ್ಕರ ಆಟೋಮನ್ ವಂಶದ ಸುಲ್ತಾನ ಎರಡನೆಯ ಮೆಹ್ಮದನ ಸೈನ್ಯ ಕಾನ್‌ಸ್ಟಾಂಟಿನೋಪಲ್ ನಗರದೊಳಗೆ ನುಗ್ಗಿತು. ಬೈಜಾಂಟಿಯನ್ ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನ್ ಗೋಡೆಯ ಬಳಿಯ ಕಾಳಗದಲ್ಲಿ ಮಡಿದನು. ಏಳು ವಾರಗಳ ನಂತರ, ಜುಲೈ 17ರಂದು, ನೈಋತ್ಯ ಫ್ರಾನ್ಸಿನ ಕಾಸ್ಟಿಯೋನ್ ಎಂಬಲ್ಲಿ ಫ್ರೆಂಚರು ಇಂಗ್ಲಿಷ್ ಸೈನ್ಯವನ್ನು ನಾಶಮಾಡಿದರು, ಮತ್ತು 1337ರಿಂದ ನಡೆದುಬಂದಿದ್ದ ನೂರು ವರ್ಷಗಳ ಯುದ್ಧ ಅಲ್ಲಿಗೆ ನಿಂತಿತು. ಯುರೋಪಿನ ಎರಡು ತುದಿಗಳಲ್ಲಿ ಎರಡು ಹಳೆಯ ಲೆಕ್ಕಗಳು ಒಂದೇ ಬೇಸಿಗೆಯಲ್ಲಿ ಚುಕ್ತಾ ಆದದ್ದರಿಂದಲೇ ಈ ಇಸವಿಗೆ ಅಷ್ಟು ತೂಕ.

ಬೈಜಾಂಟಿಯನ್ ಸಾಮ್ರಾಜ್ಯ ಅನ್ನುತ್ತಾರೆ, ರೋಮನ್ ಸಾಮ್ರಾಜ್ಯ ಅಂತಲೂ ಅನ್ನುತ್ತಾರೆ. ಎರಡೂ ಒಂದೇನಾ?

ಅಲ್ಲಿನ ಜನರನ್ನೇ ಕೇಳಿದ್ದರೆ ಅವರು ತಮ್ಮನ್ನು ರೋಮನ್ನರೆಂದೇ ಹೇಳಿಕೊಳ್ಳುತ್ತಿದ್ದರು, ಅದನ್ನೂ ಗ್ರೀಕ್ ಭಾಷೆಯಲ್ಲಿ ಹೇಳುತ್ತಿದ್ದರು. ರೋಮನ್ ಸಾಮ್ರಾಜ್ಯದ ಪೂರ್ವ ಭಾಗವು ಪಶ್ಚಿಮ ಭಾಗ ಕುಸಿದ ಮೇಲೂ ಸಾವಿರ ವರ್ಷ ಉಳಿಯಿತು. 330ರಲ್ಲಿ ಮೊದಲನೆಯ ಕಾನ್‌ಸ್ಟಂಟೈನ್ ಉದ್ಘಾಟಿಸಿದ ನಗರವೇ ಅದರ ರಾಜಧಾನಿ. ‘ಬೈಜಾಂಟಿಯನ್’ ಎಂಬುದು ಆ ಸಾಮ್ರಾಜ್ಯ ಅಳಿದು ನೂರು ವರ್ಷಗಳಾದ ಮೇಲೆ, 16ನೆಯ ಶತಮಾನದಲ್ಲಿ, ಜರ್ಮನ್ ವಿದ್ವಾಂಸ ಹಿಯರೊನಿಮಸ್ ವೋಲ್ಫ್ ಚಾಲ್ತಿಗೆ ತಂದ ಹೆಸರು.

ಆದರೆ 1453ರ ಹೊತ್ತಿಗೆ ಸಾಮ್ರಾಜ್ಯ ಎಂಬ ಮಾತು ನೆನಪಿಗಷ್ಟೇ ಸಲ್ಲುವಂತಿತ್ತು. 1204ರಲ್ಲಿ ನಾಲ್ಕನೆಯ ಧರ್ಮಯುದ್ಧಕ್ಕೆ ಹೊರಟ ಪಶ್ಚಿಮದ ಕ್ರೈಸ್ತರೇ ಈ ನಗರವನ್ನು ದೋಚಿದ್ದರು. 1261ರಲ್ಲಿ ಗ್ರೀಕರು ಅದನ್ನು ಮರಳಿ ಪಡೆದರೂ ಹಳೆಯ ಚೈತನ್ಯ ಬರಲಿಲ್ಲ. 1347ರಲ್ಲಿ ಪ್ಲೇಗ್ ಬಂತು. ಒಂದು ಕಾಲಕ್ಕೆ ನಾಲ್ಕೈದು ಲಕ್ಷ ಜನರಿದ್ದ ಊರಿನಲ್ಲಿ ಕೊನೆಗೆ ಉಳಿದವರು ಸುಮಾರು 50,000. ಕೋಟೆಯ ಒಳಗೇ ಹೊಲಗದ್ದೆ, ತೋಟಗಳಿದ್ದವು. ಒಂದೊಂದು ಕೇರಿಯೂ ಬೇರೆ ಬೇರೆ ಹಳ್ಳಿಯಂತೆ ದೂರ ದೂರ ಕುಳಿತಿತ್ತು. ದಕ್ಷಿಣ ಗ್ರೀಸಿನ ಒಂದಿಷ್ಟು ನೆಲ ಮತ್ತು ಕೆಲವು ದ್ವೀಪಗಳನ್ನು ಬಿಟ್ಟರೆ ಚಕ್ರವರ್ತಿಯ ಆಳ್ವಿಕೆ ಈ ಗೋಡೆಗಳ ಆಚೆ ಹೆಚ್ಚು ದೂರ ಹೋಗುತ್ತಿರಲಿಲ್ಲ.

ಮೇ 29 ಸರಿಯೋ ಜೂನ್ 7 ಸರಿಯೋ?

ಎರಡೂ ಒಂದೇ ದಿನ. ಅಂದು ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದ ಪ್ರಕಾರ ಮೇ 29, ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ ಜೂನ್ 7. ಇತಿಹಾಸದ ಬರಹಗಳಲ್ಲಿ ಮೇ 29 ಎಂದೇ ಬರೆಯುವುದು ವಾಡಿಕೆ. ವಾರ ಮಾತ್ರ ಬದಲಾಗುವುದಿಲ್ಲ: ಮಂಗಳವಾರ. ಗ್ರೀಕರಲ್ಲಿ ಇಂದಿಗೂ ಮಂಗಳವಾರ ಅಶುಭವೆಂಬ ನಂಬಿಕೆ ಇದೆ.

ಗೆದ್ದ ದಿನವೇ ಊರಿಗೆ ಇಸ್ತಾಂಬುಲ್ ಎಂದು ಹೆಸರಿಟ್ಟರಾ?

ಇಲ್ಲ. ಆಟೋಮನ್ನರ ನಾಣ್ಯಗಳಲ್ಲೂ ಕಾಗದಪತ್ರಗಳಲ್ಲೂ ಕಾನ್‌ಸ್ಟಂಟೈನನ ಹೆಸರಿನಿಂದಲೇ ಬಂದ ‘ಕೊಸ್ತಾಂತಿನಿಯ್ಯೆ’ ಎಂಬ ರೂಪ ಶತಮಾನಗಳ ಕಾಲ ನಡೆಯಿತು. ‘ಇಸ್ತಾಂಬುಲ್’ ಎಂಬುದರ ಮೂಲವನ್ನೂ ‘ಪಟ್ಟಣಕ್ಕೆ’ ಎಂಬ ಅರ್ಥದ ಗ್ರೀಕ್ ಪದಗುಚ್ಛದಲ್ಲೇ ಗುರುತಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹತ್ತಿರದ ಊರಿನ ಹೆಸರು ಹೇಳದೆ ‘ಪೇಟೆಗೆ ಹೋಗಿಬರುತ್ತೇನೆ’ ಎನ್ನುವುದಿಲ್ಲವೇ, ಅದೇ ಬಗೆ. ಆ ಹೆಸರನ್ನೇ ಬಳಸಬೇಕೆಂದು ತುರ್ಕಿ ಸರ್ಕಾರ ಹೊರದೇಶಗಳಿಗೆ ತಿಳಿಸಿದ್ದು 1930ರಲ್ಲಿ.

## ಮುತ್ತಿಗೆಯ ಕುರಿತು

ಸಾವಿರ ವರ್ಷ ನಿಂತ ಕೋಟೆ ಫಿರಂಗಿಯಿಂದ ಬಿತ್ತು, ಅಷ್ಟೇ ತಾನೆ?

ಫಿರಂಗಿಯಿಲ್ಲದೆ ಬೀಳುತ್ತಿರಲಿಲ್ಲ ಎನ್ನಬಹುದು. ಫಿರಂಗಿಯೊಂದರಿಂದಲೇ ಬಿತ್ತು ಎನ್ನಲಾಗದು. ಎರಡನೆಯ ಥಿಯೋಡೋಸಿಯಸ್‌ನ ಕಾಲದಲ್ಲಿ, 5ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ನೆಲಬದಿಯ ಕೋಟೆಗೆ ಮೊದಲು ಕಂದಕ, ಅದರ ಹಿಂದೆ ಹೊರಗೋಡೆ, ಅದರ ಹಿಂದೆ ಸುಮಾರು 12 ಮೀಟರ್ ಎತ್ತರದ ಒಳಗೋಡೆ ಹೀಗೆ ಮೂರು ಸಾಲಿನ ರಕ್ಷಣೆ ಇತ್ತು. ಕವಣೆ, ಏಣಿ, ಟಗರುದಿಮ್ಮಿಗಳ ಕಾಲದಲ್ಲಿ ಇದನ್ನು ಎದುರು ನಿಂತು ಮುರಿದವರಿಲ್ಲ.

ಓರ್ಬಾನ್ ಎಂಬ ಹಂಗೇರಿಯ ಎರಕದವನು ಮೊದಲು ಕೆಲಸ ಕೇಳಿ ಬಂದದ್ದು ಕಾನ್‌ಸ್ಟಂಟೈನನ ಬಳಿಗೇ. ಚಕ್ರವರ್ತಿಗೆ ಅವನ ಸಂಬಳ ಕೊಡಲು ಹಣವಿರಲಿಲ್ಲ, ಬೇಕಾದ ಲೋಹವೂ ಇರಲಿಲ್ಲ. ಓರ್ಬಾನ್ ಸುಲ್ತಾನನ ಕಡೆ ನಡೆದನು. ಅಂದಿನ ಆಟೋಮನ್ ರಾಜಧಾನಿ ಎದಿರ್ನೆಯಲ್ಲಿ ಅವನು ಎರಕ ಹೊಯ್ದ ದೊಡ್ಡ ಫಿರಂಗಿಯ ಉದ್ದ ಸುಮಾರು 8 ಮೀಟರ್. ಅದು ಎಸೆಯುತ್ತಿದ್ದ ಕಲ್ಲುಗುಂಡು ಅರ್ಧ ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದನ್ನು ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಎಳೆದು ತರಲು 60 ಎತ್ತುಗಳು ಬೇಕಾದವು ಎಂದು ಅಂದಿನವರು ಬರೆದಿದ್ದಾರೆ. ಕನ್ನಡದ ‘ಫಿರಂಗಿ’ ಎಂಬ ಪದವೇ ಯುರೋಪಿಯನ್ನರನ್ನು ಸೂಚಿಸುವ ‘ಫರಂಗಿ’ಯಿಂದ ಬಂದದ್ದು. ಕ್ರೈಸ್ತ ರಾಜಧಾನಿಯ ಗೋಡೆಯನ್ನು ಒಡೆದ ತೋಪನ್ನು ಎರಕ ಹೊಯ್ದವನೂ ಅಕ್ಷರಶಃ ಒಬ್ಬ ಪರಂಗಿಯವನೇ ಆಗಿದ್ದನು.

ಆದರೆ ಈ ದೈತ್ಯ ಫಿರಂಗಿ ದಿನಕ್ಕೆ ಏಳು ಬಾರಿಗಿಂತ ಹೆಚ್ಚು ಹಾರುತ್ತಿರಲಿಲ್ಲ. ಹಗಲು ಬಿದ್ದ ಗೋಡೆಯನ್ನು ನಗರದವರು ರಾತ್ರಿ ಮುಚ್ಚುತ್ತಿದ್ದರು. ಕತ್ತಲಾದ ಕೂಡಲೇ ಹೆಂಗಸರು, ಮಕ್ಕಳು, ಸನ್ಯಾಸಿಗಳೆಲ್ಲ ಸಾಲುಗಟ್ಟಿ ಮರದ ದಿಮ್ಮಿ, ಸೌದೆಯ ಕಟ್ಟು, ಮಣ್ಣು ತುಂಬಿದ ಪೀಪಾಯಿಗಳನ್ನು ಹೊತ್ತು ತಂದು ಬಿರುಕಿಗೆ ಒಡ್ಡುತ್ತಿದ್ದರು. ಕಲ್ಲಿನ ಗೋಡೆ ಗುಂಡಿಗೆ ಸಿಡಿಯುತ್ತಿತ್ತು. ಮಣ್ಣಿನ ಈ ಒಡ್ಡು ಗುಂಡನ್ನು ನುಂಗಿಕೊಳ್ಳುತ್ತಿತ್ತು. ನೊವೊ ಬ್ರ್ದೊ ಬೆಳ್ಳಿಗಣಿಗಳಿಂದ ಬಂದ ಸರ್ಬಿಯನ್ ಕೆಲಸಗಾರರು ಸುಲ್ತಾನನಿಗಾಗಿ ಗೋಡೆಯಡಿ ಸುರಂಗ ತೋಡಿದರೆ, ಒಳಗಿನಿಂದ ಯೋಹಾನೆಸ್ ಗ್ರಾಂಟ್ ಎಂಬ ಪರಿಣತನು ಎದುರು ಸುರಂಗ ತೋಡಿ ಅವನ್ನು ಒಂದೊಂದಾಗಿ ಹಾಳುಮಾಡಿದನು. ಕೊನೆಗೆ ನಗರವನ್ನು ಸೋಲಿಸಿದ್ದು ದಣಿವು. ಎದುರಿಗಿದ್ದ ಸೈನ್ಯಕ್ಕೆ ಪಾಳಿಯ ಮೇಲೆ ವಿಶ್ರಾಂತಿ ಸಿಗುತ್ತಿತ್ತು, ಒಳಗಿನವರಿಗೆ ಏಳು ವಾರವೂ ನಿದ್ದೆ ಇರಲಿಲ್ಲ.

ಹಡಗುಗಳನ್ನು ಗುಡ್ಡದ ಮೇಲೆ ಎಳೆದುಕೊಂಡು ಹೋದದ್ದು ನಿಜವಾ, ಕಟ್ಟುಕತೆಯಾ?

ನಿಜ. ನಗರದ ಉತ್ತರಕ್ಕಿರುವ ಗೋಲ್ಡನ್ ಹಾರ್ನ್ ಎಂಬ ಖಾರಿಯ ಬಾಯಿಗೆ ರಕ್ಷಕರು ಭಾರಿ ಕಬ್ಬಿಣದ ಸರಪಳಿ ಕಟ್ಟಿದ್ದರು. ಏಪ್ರಿಲ್ 20ರಂದು ಇಟಲಿಯ ಜಿನೋವಾದ ಮೂರು ಹಡಗುಗಳೂ ಚಕ್ರವರ್ತಿಯ ಧಾನ್ಯ ತುಂಬಿದ ಒಂದು ಹಡಗೂ ಇಡೀ ಆಟೋಮನ್ ನೌಕಾಪಡೆಯನ್ನು ಭೇದಿಸಿ ಒಳಗೆ ಸೇರಿಕೊಂಡವು, ಮತ್ತು ಸುಲ್ತಾನನು ದಡದಲ್ಲಿ ಕುದುರೆಯ ಮೇಲೆ ಕುಳಿತು ಈ ಅವಮಾನವನ್ನು ಕಣ್ಣಾರೆ ನೋಡಬೇಕಾಯಿತು. ಎರಡೇ ದಿನಗಳಲ್ಲಿ, ಏಪ್ರಿಲ್ 22ರಂದು, ಗಲಾಟಾ ಬಡಾವಣೆಯ ಹಿಂದಿನ ಗುಡ್ಡದ ಮೇಲೆ ಕೊಬ್ಬು ಸವರಿದ ಮರದ ಹಾದಿ ಹಾಸಿ ಸುಮಾರು 70 ಸಣ್ಣ ಹಡಗುಗಳನ್ನು ಎತ್ತುಗಳಿಂದಲೂ ಆಳುಗಳಿಂದಲೂ ಎಳೆಸಿ ಖಾರಿಯೊಳಗೆ ಇಳಿಸಲಾಯಿತು. ಅಲ್ಲಿಯವರೆಗೆ ಕಾವಲು ಬೇಕಿಲ್ಲದಿದ್ದ ಖಾರಿಬದಿಯ ಗೋಡೆಗೂ ಆ ದಿನದಿಂದ ಜನರನ್ನು ನಿಲ್ಲಿಸಬೇಕಾಯಿತು. ಇರುವ ಕೆಲವೇ ಜನರನ್ನು ಇನ್ನಷ್ಟು ತೆಳುವಾಗಿ ಹರಡಬೇಕಾದದ್ದೇ ಈ ಸಾಹಸದ ಫಲ.

ಕೋಟೆಯ ಒಳಗೆ ಕಾದಾಡುವವರು ಎಷ್ಟು ಮಂದಿ ಇದ್ದರು?

ಈ ಪ್ರಶ್ನೆಯನ್ನು ಚಕ್ರವರ್ತಿಯೂ ಕೇಳಿದ್ದನು. ಆಯುಧ ಹಿಡಿಯಬಲ್ಲ ಪ್ರತಿಯೊಬ್ಬನ ಪಟ್ಟಿಯನ್ನೂ ಕೇರಿಕೇರಿಯಿಂದ ತರಿಸಿ, ಅದನ್ನು ಕೂಡಿಸುವ ಕೆಲಸವನ್ನು ತನ್ನ ಆಪ್ತ ಜಾರ್ಜ್ ಸ್ಫ್ರಾಂಟ್ಜೆಸ್‌ಗೆ ವಹಿಸಿದನು. ಸ್ಫ್ರಾಂಟ್ಜೆಸ್ ಮನೆಯಲ್ಲಿ ಒಬ್ಬನೇ ಕುಳಿತು ಲೆಕ್ಕ ಹಾಕಿದಾಗ ಬಂದ ಮೊತ್ತ 4,773 ಗ್ರೀಕರು. ಆ ಸಂಖ್ಯೆಯನ್ನು ಅವನು ದುಃಖದಿಂದಲೇ ಒಪ್ಪಿಸಿದನು, ಮತ್ತು ಅದು ಅವರಿಬ್ಬರ ನಡುವೆಯೇ ಗುಟ್ಟಾಗಿ ಉಳಿಯಿತು. ವೆನಿಸ್, ಜಿನೋವಾ ಮತ್ತಿತರ ಕಡೆಯವರನ್ನು ಸೇರಿಸಿದರೂ ಒಟ್ಟು ಸುಮಾರು 7,000 ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಕಾಯಬೇಕಾದ ಗೋಡೆಯ ಸುತ್ತಳತೆ ಸುಮಾರು 20 ಕಿಲೋಮೀಟರ್. ಎದುರಿಗೆ 60,000ದಿಂದ 80,000ದಷ್ಟು ಸೈನ್ಯ. ಇಡೀ ಮುತ್ತಿಗೆಯ ಕತೆಯಲ್ಲಿ ಆ ಒಂಟಿ ಕೋಣೆಯ ಕೂಡಿಕೆ ಲೆಕ್ಕದಷ್ಟು ನನ್ನನ್ನು ಕಲಕಿದ ಸಂಗತಿ ಬೇರೊಂದಿಲ್ಲ.

ಯಾರೋ ಬಾಗಿಲು ಹಾಕುವುದನ್ನು ಮರೆತಿದ್ದರಿಂದ ನಗರ ಬಿತ್ತಂತೆ, ಹೌದಾ?

ಕೆರ್ಕೋಪೋರ್ಟಾ ಎಂಬ ಚಿಕ್ಕ ಬಾಗಿಲು ತೆರೆದೇ ಉಳಿದಿತ್ತೆಂಬ ಈ ಮಾತು ಡೂಕಾಸ್ ಎಂಬ ಗ್ರೀಕ್ ಇತಿಹಾಸಕಾರನಿಂದ ಬಂದದ್ದು. ಅವನು ಅಂದು ನಗರದಲ್ಲಿರಲಿಲ್ಲ. ಮುತ್ತಿಗೆಯನ್ನು ಒಳಗಿದ್ದು ಕಂಡು ದಿನಚರಿ ಬರೆದ ವೆನಿಸಿನ ಹಡಗುವೈದ್ಯ ನಿಕೊಲೊ ಬಾರ್ಬಾರೊ ಇದನ್ನು ಹೇಳುವುದಿಲ್ಲ. ಸೋತ ಊರಿಗೆ ಇಂಥದ್ದೊಂದು ಮರೆತ ಬಾಗಿಲಿನ ಕತೆ ಬೇಕಾಗುತ್ತದೆ ಎಂದೇ ನನ್ನ ಭಾವನೆ.

ಖಚಿತವಾಗಿ ತಿಳಿದಿರುವುದು ಇಷ್ಟು. ಮೇ 22ರ ರಾತ್ರಿ ಪಾರ್ಶ್ವ ಚಂದ್ರಗ್ರಹಣವಾಗಿ ಜನ ಕಂಗೆಟ್ಟಿದ್ದರು. ಮೇ 29ರ ನಡುರಾತ್ರಿ ಕಳೆದ ಮೇಲೆ ದಾಳಿ ಮೂರು ಅಲೆಗಳಲ್ಲಿ ಬಂತು: ಮೊದಲು ಕೂಲಿಪಡೆಗಳು, ನಂತರ ಅನಾತೋಲಿಯಾದ ಸೈನ್ಯ, ಕೊನೆಗೆ ಸುಲ್ತಾನನ ಖಾಸಾ ಜಾನಿಸರಿಗಳು. ಮೊದಲೆರಡು ಅಲೆಗಳನ್ನು ರಕ್ಷಕರು ತಡೆದರು. ಆಗ, ಜನವರಿಯಲ್ಲಿ 700 ಜನರೊಡನೆ ಬಂದು ನೆಲಬದಿಯ ಗೋಡೆಯ ಕಾವಲನ್ನು ಹೊತ್ತಿದ್ದ ಜಿನೋವಾದ ಜೊವಾನ್ನಿ ಜುಸ್ತಿನಿಯಾನಿ ಗಾಯಗೊಂಡು ಹಿಂದೆ ಸರಿದನು. ಅವನು ಹೋಗುವುದನ್ನು ಕಂಡವರ ಧೈರ್ಯ ಉಡುಗಿತು. ಅದೇ ಗಾಯದಿಂದ ಅವನು ಕಿಯೋಸ್ ದ್ವೀಪದಲ್ಲಿ ಸತ್ತನು.

ಇದು ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆದ ಯುದ್ಧ ಎನ್ನಬಹುದಲ್ಲವೇ?

ಅಂದಿನ ಎರಡೂ ಕಡೆಯವರು ಧರ್ಮದ ಮಾತನ್ನು ಆಡಿದ್ದಾರೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಗೋಡೆಯ ಎರಡೂ ಬದಿಯಲ್ಲಿ ನಿಂತವರನ್ನು ನೋಡಿದರೆ ಆ ಗೆರೆ ನೇರವಾಗಿ ಉಳಿಯುವುದಿಲ್ಲ. ಸುಲ್ತಾನನ ಪಾಳೆಯದಲ್ಲಿ ಸರ್ಬಿಯಾದ ಕ್ರೈಸ್ತ ಅರಸ ಕಳಿಸಿದ ತುಕಡಿ ಇತ್ತು. ನಗರದೊಳಗೆ, ಆಟೋಮನ್ ಗದ್ದುಗೆಗೆ ತಾನೂ ಹಕ್ಕುದಾರನೆನ್ನುತ್ತಿದ್ದ ರಾಜಕುಮಾರ ಓರ್ಹಾನ್ ತನ್ನವರೊಡನೆ ಚಕ್ರವರ್ತಿಯ ಪರ ಕಾದಾಡಿದನು. ಖಾರಿಯ ಆಚೆ ದಡದ ಗಲಾಟಾದಲ್ಲಿದ್ದ ಜಿನೋವಾ ವರ್ತಕರು ತಟಸ್ಥರೆಂದು ಹೇಳಿಕೊಂಡರು, ಮತ್ತು ಜೂನ್ 1ರಂದೇ ಸುಲ್ತಾನನಿಂದ ವ್ಯಾಪಾರದ ಅಭಯಪತ್ರ ಪಡೆದರು. 1452ರ ಡಿಸೆಂಬರ್ 12ರಂದು ಹಾಗಿಯಾ ಸೋಫಿಯಾದಲ್ಲಿ ರೋಮಿನ ಪೋಪನೊಡನೆ ಚರ್ಚುಗಳ ಐಕ್ಯ ಸಾರಿದಾಗ, ಸಹಾಯದ ಆಸೆಗೆ ತಮ್ಮ ನಂಬಿಕೆ ಮಾರಿದರೆಂದು ನಗರದ ಬಹುಪಾಲು ಜನ ಆ ಚರ್ಚಿಗೆ ಕಾಲಿಡುವುದನ್ನೇ ಬಿಟ್ಟರು.

ನಗರ ಬಿದ್ದ ದಿನದ ಕ್ರೌರ್ಯವನ್ನೂ ಮುಚ್ಚಿಡಬಾರದು. ಲೂಟಿ, ಕೊಲೆ ನಡೆದವು. ಸಾವಿರಾರು ಜನ ಗುಲಾಮರಾಗಿ ಮಾರಾಟವಾದರು. ಹಾಗಿಯಾ ಸೋಫಿಯಾ ಮಸೀದಿಯಾಯಿತು. ಅದಾದ ಕೆಲವೇ ತಿಂಗಳಲ್ಲಿ, 1454ರ ಜನವರಿಯಲ್ಲಿ, ಅದೇ ಸುಲ್ತಾನನು ಐಕ್ಯವನ್ನು ವಿರೋಧಿಸಿದ್ದ ಸನ್ಯಾಸಿ ಗೆನ್ನಾಡಿಯೋಸನನ್ನು ಗ್ರೀಕ್ ಕ್ರೈಸ್ತರ ಧರ್ಮಾಧ್ಯಕ್ಷನನ್ನಾಗಿ ಕೂರಿಸಿದನು. ಬರಿದಾದ ರಾಜಧಾನಿಯನ್ನು ತುಂಬಲು ಅವನು ತುರ್ಕರ ಜೊತೆಗೆ ಗ್ರೀಕರು, ಆರ್ಮೇನಿಯನ್ನರು ಮತ್ತು ಯೆಹೂದಿಗಳನ್ನೂ ತಂದು ನೆಲೆಸಿದನು, ಹಲವರನ್ನು ಬಲವಂತದಿಂದಲೇ.

## ಅದೇ ವರ್ಷ, ಯುರೋಪಿನ ಉಳಿದೆಡೆ

ನೂರು ವರ್ಷಗಳ ಯುದ್ಧ ಮುಗಿದದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕಾರಣದ ಸಂಬಂಧವಿಲ್ಲ, ಉಪಕರಣದ ಹೋಲಿಕೆಯಿದೆ. ಕಾಸ್ಟಿಯೋನ್ ಪಟ್ಟಣವನ್ನು ಮುತ್ತಿದ್ದ ಫ್ರೆಂಚರು ಜ್ಯಾಂ ಬ್ಯೂರೋ ಎಂಬ ತೋಪುಪರಿಣತನ ಯೋಜನೆಯಂತೆ ಕಂದಕ ತೋಡಿದ ಪಾಳೆಯದಲ್ಲಿ ಸುಮಾರು 300 ಚಿಕ್ಕದೊಡ್ಡ ತೋಪುಗಳನ್ನು ಸಜ್ಜುಗೊಳಿಸಿದ್ದರು. ಅರುವತ್ತು ದಾಟಿದ್ದ ಇಂಗ್ಲಿಷ್ ದಂಡನಾಯಕ ಜಾನ್ ಟಾಲ್ಬಟ್, ಪಾಳೆಯದಿಂದ ಎದ್ದ ಧೂಳನ್ನು ಕಂಡು ಶತ್ರು ಓಡುತ್ತಿದ್ದಾನೆಂದು ಬಗೆದು, ತನ್ನ ಪೂರ್ತಿ ಸೈನ್ಯ ಬರುವ ಮೊದಲೇ ಮೇಲೆ ಬಿದ್ದನು. ಹಿಂದೆ ಸೆರೆಯಿಂದ ಬಿಡುಗಡೆಯಾಗುವಾಗ ಫ್ರಾನ್ಸಿನ ದೊರೆಯ ವಿರುದ್ಧ ಮತ್ತೆ ಕವಚ ತೊಡುವುದಿಲ್ಲವೆಂದು ಮಾತು ಕೊಟ್ಟಿದ್ದರಿಂದ ಅವನು ಕವಚವಿಲ್ಲದೆ ಬಂದಿದ್ದನು. ಗುಂಡೇಟಿಗೆ ಕುದುರೆ ಉರುಳಿತು, ಅದರಡಿ ಸಿಕ್ಕಿದ ಅವನನ್ನು ಕೊಂದರು. ಮರುದಿನ ಅವನ ಮುಖ ಗುರುತು ಸಿಗದಂತಾಗಿತ್ತು. ಅವನ ವಂದಿಯು ಬಾಯೊಳಗೆ ಬೆರಳಿಟ್ಟು, ಬಿದ್ದುಹೋದ ಹಲ್ಲಿನ ಸಂದಿಯಿಂದ ಒಡೆಯನನ್ನು ಗುರುತಿಸಿದನೆಂದು ಹೇಳುತ್ತಾರೆ.

ಅಕ್ಟೋಬರ್ 19ರಂದು ಬೋರ್ಡೋ ನಗರ ಶರಣಾಯಿತು. ಮುನ್ನೂರು ವರ್ಷಗಳಿಂದ ಇಂಗ್ಲಿಷ್ ದೊರೆಗಳ ಕೈಯಲ್ಲಿದ್ದ ಗ್ಯಾಸ್ಕನಿ ಹೋಯಿತು, ಕಲೇ ಬಂದರು ಮಾತ್ರ 1558ರವರೆಗೆ ಉಳಿಯಿತು. ಯಾವ ಶಾಂತಿ ಒಪ್ಪಂದಕ್ಕೂ ಅಂದು ಸಹಿ ಬೀಳಲಿಲ್ಲ. ಯುದ್ಧ ಮುಗಿದಿದೆ ಎಂಬುದು ಬದುಕಿದ್ದವರಿಗೆ ವರ್ಷಗಳಾದ ಮೇಲೆ ಹೊಳೆದ ಸಂಗತಿ.

ಅದೇ ವರ್ಷ ಇಂಗ್ಲೆಂಡಿನ ರಾಜನಿಗೆ ಬುದ್ಧಿಭ್ರಮಣೆ ಆಯಿತಂತೆ?

ಹೌದು. ಆಗಸ್ಟ್ ತಿಂಗಳಲ್ಲಿ ಆರನೆಯ ಹೆನ್ರಿ ಇದ್ದಕ್ಕಿದ್ದಂತೆ ಮಾತು, ಚಲನೆ, ಗುರುತು ಎಲ್ಲವನ್ನೂ ಕಳೆದುಕೊಂಡನು. ಅಕ್ಟೋಬರ್ 13ರಂದು ಮಗ ಹುಟ್ಟಿದಾಗ ಕೂಸನ್ನು ಮುಂದೆ ತಂದರೂ ಅವನು ಅರಿಯಲಿಲ್ಲ. ಚೇತರಿಸಿಕೊಂಡದ್ದು 1454ರ ಕ್ರಿಸ್ಮಸ್ ಹೊತ್ತಿಗೆ. ಈ ನಡುವೆ ಅಧಿಕಾರಕ್ಕಾಗಿ ಮೊದಲಾದ ಜಗ್ಗಾಟ 1455ರ ಮೇ 22ರಂದು ಸೇಂಟ್ ಆಲ್ಬನ್ಸ್ ಕಾಳಗವಾಗಿ ಸಿಡಿದು ಗುಲಾಬಿಗಳ ಯುದ್ಧವೆಂದು ಹೆಸರಾಯಿತು.

ಕಾನ್‌ಸ್ಟಾಂಟಿನೋಪಲ್‌ಗೆ ಯುರೋಪಿನ ದೊರೆಗಳು ಯಾಕೆ ನೆರವಾಗಲಿಲ್ಲ?

ಇಂಗ್ಲೆಂಡ್, ಫ್ರಾನ್ಸ್ ಗ್ಯಾಸ್ಕನಿಯಲ್ಲಿ ಸಿಕ್ಕಿಕೊಂಡಿದ್ದವು. ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನದೇ ಪ್ರಜೆಗಳಾದ ಘೆಂಟ್ ನಗರದವರೊಡನೆ ಕಾದುತ್ತಿದ್ದು, ಜುಲೈ 23ರಂದು ಗಾವೆರೆಯಲ್ಲಿ ಅವರನ್ನು ಸೋಲಿಸಿದನು. ವೆನಿಸ್ ಹಡಗುಪಡೆ ಕಳಿಸಲು ತೀರ್ಮಾನಿಸಿತು, ಆದರೆ ಅದು ಹೊರಡುವಾಗಲೇ ತಡವಾಗಿತ್ತು. ಸೋಲಿನ ಸುದ್ದಿ ವೆನಿಸ್ ತಲುಪಿದ್ದು ಜೂನ್ 29ರಂದು, ಸರಿಯಾಗಿ ಒಂದು ತಿಂಗಳ ಮೇಲೆ.

ಸೆಪ್ಟೆಂಬರ್ 30ರಂದು ಪೋಪ್ ಐದನೆಯ ನಿಕೋಲಸ್ ಧರ್ಮಯುದ್ಧಕ್ಕೆ ಕರೆ ಕೊಟ್ಟನು. 1454ರ ಫೆಬ್ರವರಿಯಲ್ಲಿ ಡ್ಯೂಕ್ ಫಿಲಿಪ್ ಲೀಲ್ ನಗರದಲ್ಲಿ ಔತಣವೊಂದನ್ನು ಏರ್ಪಡಿಸಿ, ಒಡವೆ ತೊಡಿಸಿದ ಜೀವಂತ ಫೆಸೆಂಟ್ ಹಕ್ಕಿಯ ಮುಂದೆ ದಂಡಯಾತ್ರೆಯ ಪ್ರತಿಜ್ಞೆ ಮಾಡಿದನು. ದಂಡು ಹೊರಡಲಿಲ್ಲ. ಈ ಸೋಲಿನ ಸುದ್ದಿ ನಿಜವಾಗಿ ಕೆಲಸ ಕೊಟ್ಟದ್ದು ಮೈನ್ಸ್ ನಗರದ ಹೊಸ ಅಚ್ಚುಕೂಟಕ್ಕೆ: ತುರ್ಕರ ವಿರುದ್ಧ ಏಳಿರೆಂದು ದೊರೆಗಳನ್ನು ಕರೆಯುವ 1455ರ ಪಂಚಾಂಗವೊಂದು, ಬಿಡಿ ಅಚ್ಚುಮೊಳೆಗಳಿಂದ ಯುರೋಪಿನಲ್ಲಿ ಮುದ್ರಣಗೊಂಡ ಮೊತ್ತಮೊದಲ ಬರಹಗಳ ಸಾಲಿನಲ್ಲಿದೆ.

## ವಾದಕ್ಕೆ ಎಡೆಯಾಗುವ ಪ್ರಶ್ನೆಗಳು

ಗ್ರೀಕ್ ಪಂಡಿತರು ಇಟಲಿಗೆ ಓಡಿ ಬಂದದ್ದರಿಂದ ಪುನರುಜ್ಜೀವನ ಶುರುವಾಯಿತು ಎಂದು ಓದಿದ್ದೇವೆ. ತಪ್ಪಾ?

ಕಾಲಕ್ರಮ ಒಪ್ಪುವುದಿಲ್ಲ. ಮಾನುಯೆಲ್ ಕ್ರಿಸೊಲೊರಾಸ್ ಫ್ಲಾರೆನ್ಸಿನಲ್ಲಿ ಗ್ರೀಕ್ ಪಾಠ ಆರಂಭಿಸಿದ್ದು 1397ರಲ್ಲಿ, ಅಂದರೆ ನಗರ ಬೀಳುವುದಕ್ಕೆ 56 ವರ್ಷ ಮೊದಲು. 1453 ಈ ಹರಿವನ್ನು ಹೆಚ್ಚಿಸಿತು, ಅದಕ್ಕೊಂದು ಆತುರವನ್ನೂ ಕೊಟ್ಟಿತು. ಮೊದಲೇ ಇಟಲಿಯಲ್ಲಿ ನೆಲೆಸಿದ್ದ ಗ್ರೀಕ್ ಮೂಲದ ಕಾರ್ಡಿನಲ್ ಬೆಸಾರಿಯೋನ್, ತನ್ನವರ ವಿದ್ಯೆ ನಾಶವಾಗಬಾರದೆಂದು ಹಸ್ತಪ್ರತಿಗಳನ್ನು ಹುಡುಕಿಸಿ, ನಕಲು ಮಾಡಿಸಿ, 1468ರಲ್ಲಿ ಅವನ್ನು ವೆನಿಸಿಗೆ ದಾನ ಕೊಟ್ಟನು. ಅಲ್ಲಿನ ಮಾರ್ಚಿಯಾನಾ ಗ್ರಂಥಾಲಯದ ಬುನಾದಿ ಆ ಸಂಗ್ರಹವೇ.

ತುರ್ಕರು ದಾರಿ ಮುಚ್ಚಿದ್ದರಿಂದಲೇ ವಾಸ್ಕೋ ಡ ಗಾಮ ಭಾರತಕ್ಕೆ ಬಂದದ್ದು ಅಲ್ಲವೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಕ್ಷೆಯೊಂದನ್ನು ಎದುರಿಗಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ. ಮಲಬಾರಿನ ಮೆಣಸು ಅರಬ್ಬೀ ಸಮುದ್ರ ದಾಟಿ ಏಡನ್, ಕೆಂಪು ಸಮುದ್ರ, ಜೆಡ್ಡಾ, ಕೈರೋ ಮಾರ್ಗವಾಗಿ ಅಲೆಕ್ಸಾಂಡ್ರಿಯಾ ಬಂದರಿಗೆ ಸೇರುತ್ತಿತ್ತು. ಅಲ್ಲಿ ವೆನಿಸಿನ ವರ್ತಕರು ಕೊಳ್ಳುತ್ತಿದ್ದರು. ಇನ್ನೊಂದು ಕವಲು ಸಿರಿಯಾದ ಕಡೆ ಹೋಗುತ್ತಿತ್ತು. ಈಜಿಪ್ಟ್, ಸಿರಿಯಾಗಳು ಮಾಮ್ಲುಕ್ ಸುಲ್ತಾನರ ಕೈಯಲ್ಲಿದ್ದವು, ಆಟೋಮನ್ನರು ಅವನ್ನು ಗೆದ್ದದ್ದು 1516-17ರಲ್ಲಿ. ಗಾಮ ಕೋಝಿಕ್ಕೋಡಿನ ಬಳಿ ಇಳಿದ 1498ರಲ್ಲಿ ಮೆಣಸಿನ ಮುಖ್ಯ ಹಾದಿಯ ಮೇಲೆ ಆಟೋಮನ್ನರ ಹಿಡಿತವೇ ಇರಲಿಲ್ಲ. ಕಾನ್‌ಸ್ಟಾಂಟಿನೋಪಲ್ ಕಾಯುತ್ತಿದ್ದದ್ದು ಕಪ್ಪು ಸಮುದ್ರದ ಬಾಗಿಲನ್ನು: ಅಲ್ಲಿಂದ ಬರುತ್ತಿದ್ದದ್ದು ಧಾನ್ಯ, ತುಪ್ಪಟ, ಗುಲಾಮರು ಮತ್ತು ಒಂದಿಷ್ಟು ರೇಷ್ಮೆ.

ಆ ಬಾಗಿಲೂ ಪೂರ್ತಿ ಮುಚ್ಚಲಿಲ್ಲ. 1454ರ ಏಪ್ರಿಲ್ 18ರಂದೇ ವೆನಿಸ್ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು, ಶೇ. 2ರಷ್ಟು ಸುಂಕ ಕೊಟ್ಟು ವ್ಯಾಪಾರ ಮುಂದುವರಿಸಿತು. ಸುಂಕ ವಸೂಲಿ ಮಾಡುವ ದೊರೆ ವರ್ತಕರನ್ನು ಏಕೆ ಓಡಿಸುತ್ತಾನೆ?

ಪೋರ್ಚುಗೀಸರ ಮಟ್ಟಿಗೆ, ಅವರು 1415ರಲ್ಲಿ ಉತ್ತರ ಆಫ್ರಿಕಾದ ಸೆಯುಟಾ ಬಂದರನ್ನು ಹಿಡಿದಿದ್ದರು, 1434ರಲ್ಲಿ ಬೊಜಡಾರ್ ಭೂಶಿರ ದಾಟಿದ್ದರು. ಅವರನ್ನು ಆಫ್ರಿಕಾದ ಕರಾವಳಿಗುಂಟ ಎಳೆದದ್ದು ಮೊದಲಿಗೆ ಚಿನ್ನ ಮತ್ತು ಗುಲಾಮರ ವ್ಯಾಪಾರ, ಆಮೇಲೆ ವೆನಿಸ್ ಮತ್ತು ಕೈರೋಗಳ ನಡುವೆ ಹಂಚಿಹೋಗುತ್ತಿದ್ದ ಮೆಣಸಿನ ಲಾಭ. 1453ಕ್ಕೆ ಇಲ್ಲಿ ಒಂದು ಬಳಸುದಾರಿಯ ಪಾತ್ರವಿದೆ ಎಂಬುದನ್ನು ಒಪ್ಪಬೇಕು. ಕಪ್ಪು ಸಮುದ್ರದ ಕಾಫಾ ವಸಾಹತನ್ನು 1475ರಲ್ಲಿ ಕಳೆದುಕೊಂಡ ಜಿನೋವಾದ ಬಂಡವಾಳ ಮತ್ತು ನಾವಿಕರು ಹೆಚ್ಚು ಹೆಚ್ಚಾಗಿ ಪೋರ್ಚುಗಲ್, ಸ್ಪೇನ್ ಕಡೆ ತಿರುಗಿದರು.

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಬೇಕು?

ಪಠ್ಯದಲ್ಲಿರುವ ಉತ್ತರವನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ವಿವರಣೆಗೆ ಅವಕಾಶವಿರುವ ಪ್ರಶ್ನೆಯಾದರೆ, ಈಜಿಪ್ಟ್ 1517ರವರೆಗೆ ಮಾಮ್ಲುಕರ ಕೈಯಲ್ಲಿತ್ತೆಂಬ ಒಂದು ವಾಕ್ಯವನ್ನು ಸೇರಿಸಿ.

ಅದೇ ಹೊತ್ತಿಗೆ ನಮ್ಮ ಕರ್ನಾಟಕದಲ್ಲಿ ಏನಿತ್ತು? ಈ ಘಟನೆಗೂ ನಮಗೂ ಏನಾದರೂ ನಂಟು ಇದೆಯೇ?

ವಿಜಯನಗರದಲ್ಲಿ ಎರಡನೆಯ ದೇವರಾಯನ ಮಗ ಮಲ್ಲಿಕಾರ್ಜುನ ಆಳುತ್ತಿದ್ದನು, ಬೀದರಿನಲ್ಲಿ ಬಹಮನಿ ಸುಲ್ತಾನ ಅಲಾವುದ್ದೀನ್ ಅಹ್ಮದ್. ಬಿಡಿ ಸಮಕಾಲೀನತೆಗಿಂತ ಗಟ್ಟಿಯಾದ ಒಂದು ಎಳೆ ಬೀದರಿನಲ್ಲಿ ಸಿಗುತ್ತದೆ. ಇರಾನಿನ ಗೀಲಾನ್ ಪ್ರಾಂತದ ವರ್ತಕನೊಬ್ಬ ದಾಬೋಲ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದದ್ದು 1453ರಲ್ಲೇ. ಅವನೇ ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಬೀದರಿನ ದೊಡ್ಡ ಮದರಸಾ ಕಟ್ಟಿಸಿದ ಮಹಮೂದ್ ಗವಾನ್. ಅವನು ಬರೆದ ಪಾರಸಿ ಪತ್ರಗಳ ಸಂಕಲನದಲ್ಲಿ, ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ ಮೆಹ್ಮದನಿಗೆ ಬರೆದ ಪತ್ರಗಳೂ ಸೇರಿವೆ. 1480ರ ಆಸುಪಾಸಿನ ಬುರ್ಸಾ ನಗರದ ಆಟೋಮನ್ ದಾಖಲೆಗಳಲ್ಲಿ, ಗವಾನನ ಗುಮಾಸ್ತರು ಭಾರತದ ಬಟ್ಟೆ ಮಾರಲು ಬಂದಿದ್ದ ವಿವರಗಳಿವೆ. ದಾರಿ ಮುಚ್ಚಿತು ಎನ್ನುವ ಆ ವರ್ಷಗಳಲ್ಲೇ ಬೀದರಿನ ಗಂಟುಗಳು ಮೆಹ್ಮದನ ಪೇಟೆಯಲ್ಲಿ ಬಿಚ್ಚಿಕೊಳ್ಳುತ್ತಿದ್ದವು.

ಇಬ್ಬರೂ ತೀರಿಕೊಂಡದ್ದು 1481ರಲ್ಲಿ, ಒಂದು ತಿಂಗಳ ಅಂತರದಲ್ಲಿ: ಸುಳ್ಳು ಆಪಾದನೆಗೆ ಗುರಿಯಾದ ಗವಾನ್ ತನ್ನ ಸುಲ್ತಾನನ ಅಪ್ಪಣೆಯಿಂದ ಏಪ್ರಿಲ್ 5ರಂದು, ಮೆಹ್ಮದ್ ದಂಡಯಾತ್ರೆಗೆ ಹೊರಟ ಹಾದಿಯಲ್ಲಿ ಮೇ 3ರಂದು. ಮದರಸಾದ ಅರ್ಧ ಮುಂಭಾಗ ಸ್ಫೋಟವೊಂದರಲ್ಲಿ ಕುಸಿದಿದೆ. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಹೆಂಚುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ.